ಬೇರೆಯವರು ತುಂಬಿದ ಈಡು

ಪೆನ್ಸಿಲ್ವೇನಿಯಾದ ನಮ್ಮ ಕಡೆ ಶೂಟಿಂಗ್ ರೇಂಜಿಗೆ ಬರುವವರಲ್ಲಿ ಒಂದು ರೂಢಿ ಇದೆ. ಗುರಿ ಹೊಡೆದು ಮುಗಿದ ಮೇಲೆ ಎಲ್ಲರೂ ಬಗ್ಗಿ ಹೊಡೆದ ತೋಟಾಗಳ ಖಾಲಿ ಹಿತ್ತಾಳೆ ಆರಿಸುತ್ತಾರೆ. ನಿನಗೆ ಬೇಡದ ಕ್ಯಾಲಿಬರ್ ನನಗಿರಲಿ, ನನಗೆ ಬೇಡದ್ದು ನಿನಗಿರಲಿ ಎಂದು ಅಲ್ಲಲ್ಲೇ ಹಂಚಿಕೊಳ್ಳುತ್ತಾರೆ. ಮಾತು ಅಲ್ಲಿಂದ ಪ್ರೈಮರ್‌ಗೆ, ಮದ್ದಿನ ಬೆಲೆಗೆ ಹೊರಳುತ್ತದೆ. ಕೊನೆಗೆ ಯಾರಾದರೊಬ್ಬರು ಕಾರಿನ ಡಿಕ್ಕಿ ತೆರೆದು ಒಂದು ಪ್ಲಾಸ್ಟಿಕ್ ಡಬ್ಬಿ ಕೈಗಿಡುತ್ತಾರೆ. ಒಳಗೆ ಮನೆಯಲ್ಲಿ ತಾವೇ ತುಂಬಿದ ಐವತ್ತು ತೋಟಾ. ಮೇಲೆ ಅಂಟಿಸಿದ ಟೇಪಿನ ತುಂಡಿನಲ್ಲಿ ಪೆನ್ನಿನಿಂದ ಬರೆದ ಒಂದೆರಡು ಅಂಕಿ. "ಹೊಡೆದು ನೋಡು, ಚೆನ್ನಾಗಿವೆ" ಎನ್ನುವ ಮಾತು. ಕೊಡುವವರ ಮುಖದಲ್ಲಿ ನಿಜವಾದ ಪ್ರೀತಿ ಇರುತ್ತದೆ, ಅದಕ್ಕೇ ಈ ವಿಷಯ ಎತ್ತುವುದು ಕಷ್ಟ. ಆದರೂ ಬರೆಯುತ್ತಿದ್ದೇನೆ. ನನ್ನ ಪರಿಚಯದ ಕನ್ನಡದವರೂ ಕೆಲವರು ಈ ಹವ್ಯಾಸಕ್ಕೆ ಬಂದಿದ್ದಾರೆ, ಅವರ ಕೈಗೂ ಇಂಥ ಡಬ್ಬಿಗಳು ಬರುತ್ತಿವೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ತೋಟಾದಲ್ಲಿರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಒಳಗಿನ ಮದ್ದು, ತುದಿಯ ಗುಂಡು. ಹೊಡೆದಾಗ ಮೂರು ಖರ್ಚಾಗಿ ಕೇಸು ಉಳಿಯುತ್ತದೆ, ಮತ್ತು ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ. ಹಳೆಯ ಪ್ರೈಮರ್ ಕಿತ್ತು, ಉಬ್ಬಿದ ಕೇಸನ್ನು ಡೈ ಎಂಬ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ಸುರಿದು, ಗುಂಡು ಇಳಿಸಿದರೆ ತೋಟಾ ಮತ್ತೆ ಸಿದ್ಧ. ಇದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ಇದನ್ನು ಮಾಡಲು ಫೆಡರಲ್ ಪರವಾನಗಿ ಬೇಕಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಕೇಸು ಒತ್ತುವ ಒಂದು ಪ್ರೆಸ್, ತಕ್ಕಡಿ, ಯಾವ ಗುಂಡಿಗೆ ಎಷ್ಟು ಮದ್ದು ಎಂದು ತಿಳಿಸುವ ಮ್ಯಾನುಯಲ್ ಇಟ್ಟುಕೊಂಡು ಚಳಿಗಾಲ ಕಳೆಯುವವರು ಇಲ್ಲಿ ಬಹಳ. ನಾನೂ ಅವರಲ್ಲೊಬ್ಬ. ಮನಸ್ಸು ಒಂದೇ ಕಡೆ ನಿಲ್ಲುವ ಕೆಲಸ ಇದು, ನನಗೆ ತುಂಬ ಇಷ್ಟ.

ಕೊಡುಕೊಳ್ಳುವುದು ಹಿಂದಿನಿಂದಲೂ ಇತ್ತು. 2020 ಮತ್ತು 2021ರ ಅಭಾವದಲ್ಲಿ ಅದು ಜೋರಾಯಿತು. ಕೊರೋನಾ ಬಂದಂತೆ ಬಂದೂಕು ಕೊಳ್ಳುವವರು ಹೆಚ್ಚಿದರು, ಅಂಗಡಿಗಳ ತೋಟಾ ಕಪಾಟು ಖಾಲಿಯಾದವು. ಅದೇ ಹೊತ್ತಿಗೆ, 2020ರ ಜುಲೈನಲ್ಲಿ, ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಪ್ರೈಮರ್ ಎಲ್ಲಿ ಹುಡುಕಿದರೂ ಸಿಗದಂತಾಯಿತು. ಪ್ರೈಮರ್ ಇದ್ದವರ ಬಳಿ ಮದ್ದಿಲ್ಲ, ಮದ್ದಿದ್ದವರ ಬಳಿ ಪ್ರೈಮರ್ ಇಲ್ಲ. ಹೀಗಿದ್ದಾಗ ತಯಾರಾದ ತೋಟಾಗಳೇ ನಾಣ್ಯದಂತೆ ಕೈಯಿಂದ ಕೈಗೆ ಓಡಾಡಿದವು. ನನಗೂ ಆಗ ಹಲವರು ಕೊಡಲು ಬಂದರು, ಹಲವರು ಕೇಳಿದರು. ನಾನು ತೆಗೆದುಕೊಳ್ಳಲೂ ಇಲ್ಲ, ಕೊಡಲೂ ಇಲ್ಲ.

ನಮ್ಮ ಮಲೆನಾಡಿನ ಮನೆಗಳಲ್ಲಿ ಮಿಡಿ ಉಪ್ಪಿನಕಾಯಿ ಭರಣಿಗಳು ಮನೆಯಿಂದ ಮನೆಗೆ ಹೋಗುತ್ತವೆ. ಕೆಟ್ಟಿದ್ದರೆ ಮುಚ್ಚಳ ತೆಗೆದ ಕ್ಷಣವೇ ಮೂಗಿಗೆ ಗೊತ್ತಾಗುತ್ತದೆ. ತೋಟಾಕ್ಕೆ ಆ ಸೌಲಭ್ಯವಿಲ್ಲ. ಸರಿಯಾಗಿ ತುಂಬಿದ್ದೂ ತಪ್ಪಾಗಿ ತುಂಬಿದ್ದೂ ಒಂದೇ ಹೊಳಪಿನಲ್ಲಿ, ಒಂದೇ ಉದ್ದದಲ್ಲಿ, ಒಂದೇ ಸಾಲಿನಲ್ಲಿ ನಿಂತಿರುತ್ತವೆ.

"ತೂಕ ಹಾಕಿ ನೋಡಬಹುದಲ್ಲ" ಎಂದು ಹೊಸಬರು ಕೇಳುತ್ತಾರೆ. ಲೆಕ್ಕ ಹಾಕಿ. ಒಂಬತ್ತು ಎಂಎಂ ಪಿಸ್ತೂಲಿನ ಸಾಮಾನ್ಯ ಗುಂಡು 115 ಗ್ರೇನ್, ಅಂದರೆ ಏಳೂವರೆ ಗ್ರಾಂ ಹತ್ತಿರ. ಕೇಸು ನಾಲ್ಕು ಗ್ರಾಮಿನ ಆಸುಪಾಸು. ಒಳಗಿನ ಮದ್ದೋ, ಗ್ರಾಮಿನ ಮೂರನೇ ಒಂದು ಭಾಗದಷ್ಟು. ಬೇರೆ ಬೇರೆ ಕಂಪನಿಯ ಕೇಸುಗಳ ತೂಕದಲ್ಲೇ ಹಲವು ಗ್ರೇನ್ ವ್ಯತ್ಯಾಸ ಇರುತ್ತದೆ, ಗುಂಡುಗಳಲ್ಲೂ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಮದ್ದೇ ಇಲ್ಲದ ತೋಟಾ ಆಗಲಿ, ಎರಡು ಪಾಲು ಮದ್ದು ಬಿದ್ದ ತೋಟಾ ಆಗಲಿ, ಈ ವ್ಯತ್ಯಾಸದೊಳಗೆ ಸುಲಭವಾಗಿ ಅಡಗಿಕೊಳ್ಳುತ್ತದೆ. ರೇಂಜಿನ ನೆಲದಿಂದ ಆರಿಸಿದ ಬೆರಕೆ ಹಿತ್ತಾಳೆಯಲ್ಲಿ ತುಂಬಿದ್ದರಂತೂ ತಕ್ಕಡಿ ಏನನ್ನೂ ಖಚಿತವಾಗಿ ಹೇಳುವುದಿಲ್ಲ.

ಈ ಎರಡು ತಪ್ಪುಗಳ ಸ್ವಭಾವ ತಿಳಿದಿರಬೇಕು. ಪಿಸ್ತೂಲಿನ ಮದ್ದು ಬೇಗ ಉರಿಯುವಂಥದ್ದು, ಸ್ವಲ್ಪವೇ ಸಾಕು. ಎಷ್ಟೋ ಸಲ ಅದು ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಹಾಗಾಗಿ ಎರಡನೇ ಸಲ ಸುರಿದರೂ ಹೊರಗೆ ಚೆಲ್ಲದೆ ಒಳಗೇ ಹಿಡಿಯಬಹುದು, ಮೇಲೆ ಗುಂಡು ಕೂತರೆ ಮುಗಿಯಿತು, ಯಾರಿಗೂ ಕಾಣದು. ಒಂಬತ್ತು ಎಂಎಂಗೆ ಅಮೆರಿಕದ ಉದ್ಯಮ ಸಂಸ್ಥೆ ಸಾಮಿ ನಿಗದಿ ಮಾಡಿದ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್. ಮದ್ದು ಇಮ್ಮಡಿಯಾದರೆ ಒತ್ತಡ ಇಮ್ಮಡಿಗೆ ನಿಲ್ಲುವುದಿಲ್ಲ, ಅದನ್ನೂ ದಾಟಿ ಏರುತ್ತದೆ. ಕೇಸಿನ ಬುಡ ಹರಿದು ಬಿಸಿ ಅನಿಲ ಹಿಡಿಯ ಕಡೆಗೆ ನುಗ್ಗುತ್ತದೆ, ತೋಟಾಗಳಿರುವ ಮ್ಯಾಗಜಿನ್ ಕಿತ್ತು ಬೀಳುತ್ತದೆ. ಹಿಡಿ ಇರುವುದು ಕೈಯೊಳಗೆ.

ಇನ್ನೊಂದು ತಪ್ಪು ಮದ್ದೇ ಬೀಳದಿರುವುದು, ಇಲ್ಲಿಯವರು ಸ್ಕ್ವಿಬ್ ಎನ್ನುತ್ತಾರೆ. ಪ್ರೈಮರ್ ಒಂದರ ಬಲಕ್ಕೇ ಗುಂಡು ಕೇಸಿನಿಂದ ಹೊರಟು ನಳಿಗೆಯ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಢಂ ಎನ್ನುವ ಬದಲು ಟಪ್ ಎಂಬ ಸಪ್ಪೆ ಸದ್ದು. ಕೈಗೆ ಒದೆತ ಬರುವುದಿಲ್ಲ. ಅಭ್ಯಾಸಬಲದಿಂದ ತಕ್ಷಣ ಇನ್ನೊಂದು ಹೊಡೆದರೆ, ಹಿಂದಿನ ಗುಂಡು ಮುಂದಿನ ಗುಂಡಿಗೆ ಬಡಿದು ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಸದ್ದಿನಲ್ಲಿ ವ್ಯತ್ಯಾಸ ಕೇಳಿದರೆ ನಿಲ್ಲಿಸಿ, ನಳಿಗೆಯ ಬಾಯಿಯನ್ನು ಗುರಿಯ ಕಡೆಗೇ ಹಿಡಿದುಕೊಂಡು ಅರ್ಧ ನಿಮಿಷವಾದರೂ ಕಾಯಿರಿ. ಕೆಲವು ಪ್ರೈಮರ್ ತಡವಾಗಿ ಹತ್ತಿಕೊಳ್ಳುತ್ತವೆ. ಆಮೇಲೆ ತೋಟಾಗಳನ್ನೆಲ್ಲ ಹೊರತೆಗೆದು, ನಳಿಗೆಯಲ್ಲಿ ಏನೂ ಸಿಕ್ಕಿಲ್ಲ ಎಂದು ಕಣ್ಣಾರೆ ನೋಡದೆ ಮತ್ತೆ ತುಂಬಬೇಡಿ. ಪಕ್ಕದ ಲೇನಿನವರಿಗೆ ಅಂಥ ಸದ್ದು ಕೇಳಿದರೆ ಕೂಗಿ ನಿಲ್ಲಿಸಿ. ಸಂಕೋಚ ಪಡುವ ಜಾಗ ಅದಲ್ಲ.

ಎರಡು ಸಲ ತುಂಬುವ ತಪ್ಪು ಪ್ರೆಸ್ಸಿನ ಕಾಲಕ್ಕೆ ಹುಟ್ಟಿದ್ದಲ್ಲ. ನಾವಿರುವ ಈ ರಾಜ್ಯದಲ್ಲೇ ಗೆಟಿಸ್‌ಬರ್ಗ್ ಇದೆ. 1863ರ ಜುಲೈನಲ್ಲಿ ಮೂರು ದಿನ ಯುದ್ಧ ನಡೆದ ಮೇಲೆ ಮೈದಾನದಿಂದ 27,574 ಕೋವಿಗಳನ್ನು ಒಟ್ಟುಮಾಡಿದರು ಎಂದು ಆಗಿನ ವರದಿ ಹೇಳುತ್ತದೆ. ಅವುಗಳಲ್ಲಿ ಸುಮಾರು 24,000 ಈಡು ತುಂಬಿದಂತೆಯೇ ಇದ್ದವು. ಆ ತುಂಬಿದವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು, ಕಾಲುಭಾಗದಲ್ಲಿ ಮೂರರಿಂದ ಹತ್ತು. ಒಂದು ಸ್ಪ್ರಿಂಗ್‌ಫೀಲ್ಡ್ ಕೋವಿಯಲ್ಲಿ 23 ಈಡು ಇದ್ದವಂತೆ. ಗದ್ದಲ, ಹೊಗೆ, ಭಯದ ನಡುವೆ ತುಂಬಿದ್ದು ನೆನಪಿಲ್ಲದೆ ಮತ್ತೆ ಮತ್ತೆ ಗಜ ಹಾಕಿ ಜಡಿದ ಕೈಗಳು ಅವು. ಗ್ಯಾರೇಜಿನಲ್ಲಿ ಯುದ್ಧವಿಲ್ಲ ನಿಜ. ಆದರೆ ಫೋನು ಬರುತ್ತದೆ, ಮಗು ಬಂದು ಏನೋ ಕೇಳುತ್ತದೆ, ಪ್ರೆಸ್ಸಿನ ಹಿಡಿ ಅರ್ಧಕ್ಕೆ ನಿಲ್ಲುತ್ತದೆ. ವಾಪಸ್ ಬಂದಾಗ ಈ ಕೇಸಿಗೆ ಮದ್ದು ಬಿತ್ತೋ ಇಲ್ಲವೋ ಎಂಬ ಒಂದು ಕ್ಷಣದ ಅನುಮಾನ. ಆ ಕ್ಷಣದಲ್ಲಿ ಅವರು ಕೇಸನ್ನು ಖಾಲಿ ಮಾಡಿ ಮೊದಲಿನಿಂದ ಶುರು ಮಾಡಿದರೋ, ಅಂದಾಜಿನಲ್ಲಿ ಮುಂದುವರಿದರೋ? ಡಬ್ಬಿ ಕೈಗೆ ತೆಗೆದುಕೊಂಡ ನನಗೆ ಇದನ್ನು ತಿಳಿಯುವ ದಾರಿಯೇ ಇಲ್ಲ. ನಾನು ಆ ಡಬ್ಬಿಯಲ್ಲಿ ತೆಗೆದುಕೊಳ್ಳುತ್ತಿರುವುದು ಒಬ್ಬರ ಒಂದು ಸಂಜೆಯ ಗಮನವನ್ನು. ಅವರು ಎಷ್ಟೇ ಒಳ್ಳೆಯವರಾಗಿರಲಿ, ಆ ಸಂಜೆ ಅವರ ಮನಸ್ಸು ಎಲ್ಲಿತ್ತೆಂದು ನನಗೆ ಗೊತ್ತಾಗದು.

ನಮ್ಮ ಅಜ್ಜನ ಬಳಿ ಕೇಪಿನ ಕೋವಿ ಇತ್ತು, ತೋಟಕ್ಕೆ ನುಗ್ಗುವ ಹಂದಿ ಓಡಿಸಲು. ಮದ್ದು ಸುರಿಯುವುದು, ತುರುಕು ಹಾಕಿ ಗಜದಿಂದ ಜಡಿಯುವುದು, ಚರೆ ಹಾಕುವುದು, ಕೇಪು ಇಡುವುದು ಎಲ್ಲ ಅವರೇ ಮಾಡಬೇಕು, ಮಾತಾಡದೆ ಮಾಡಬೇಕು. ಬೇರೆ ಯಾರೋ ಈಡು ತುಂಬಿಟ್ಟ ಕೋವಿಯನ್ನು ಅವರು ಹೊಡೆದದ್ದನ್ನು ನಾನು ನೋಡಿಲ್ಲ. ಅಲ್ಲಿ ತುಂಬುವ ಕೈಯೂ ಕೋವಿಯ ಕುದುರೆ ಎಳೆಯುವ ಕೈಯೂ ಒಂದೇ ಆಗಿತ್ತು. ಕಾರ್ಖಾನೆಯ ತೋಟಾ ಬಂದ ಮೇಲೆ ಈ ಎರಡು ಕೈಗಳು ದೂರವಾದವು. ಆ ದೂರವನ್ನು ಕಂಪನಿಗಳು ಒತ್ತಡ ಅಳೆಯುವ ಪರೀಕ್ಷಾ ನಳಿಗೆಗಳಿಂದ, ಯಾವ ಕಂತಿನಲ್ಲಿ ತಯಾರಾದದ್ದೆಂದು ಹೇಳುವ ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯಿಂದ ತುಂಬಿಕೊಡುತ್ತವೆ. ಒಂದು ಲಾಟ್ ಕೆಟ್ಟಿತೆಂದು ಗೊತ್ತಾದರೆ ಆ ಸಂಖ್ಯೆ ಪ್ರಕಟಿಸಿ ವಾಪಸ್ ಕರೆಸುತ್ತವೆ. ಗೆಳೆಯರ ಡಬ್ಬಿಯಲ್ಲಿ ಪರೀಕ್ಷೆಯೂ ಇಲ್ಲ, ಲಾಟ್ ಸಂಖ್ಯೆಯೂ ಇಲ್ಲ.

ತುಂಬಿದವರು ಏನೂ ತಪ್ಪು ಮಾಡಿಲ್ಲ ಎಂದುಕೊಳ್ಳೋಣ. ಆಗಲೂ ಅಪಾಯ ಮುಗಿಯುವುದಿಲ್ಲ, ಯಾಕೆಂದರೆ ಒಳ್ಳೆಯ ರೀಲೋಡರ್ ತನ್ನ ತೋಟಾವನ್ನು ತನ್ನ ಕೋವಿಗೆ ಹೊಂದಿಸಿ ತುಂಬುತ್ತಾನೆ. ಮ್ಯಾನುಯಲ್ಲಿನ ಕನಿಷ್ಠದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರೈಮರ್ ಚಪ್ಪಟೆಯಾಯಿತೇ, ಕೇಸು ಹೊರಬರಲು ಮೊಂಡು ಹಿಡಿಯಿತೇ ಎಂದು ನೋಡುತ್ತಾ ಒಂದು ಅಳತೆಗೆ ಬಂದು ನಿಲ್ಲುತ್ತಾನೆ. ಆ ಅಳತೆ ಅವನ ರೈಫಲ್ಲಿನಲ್ಲಿ ತೋಟಾ ಕೂರುವ ಚೇಂಬರಿನದು, ಗುಂಡು ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ತಾಗುವ ಮುಂಚಿನ ಅಂತರದ್ದು. ಅದೇ ಕ್ಯಾಲಿಬರಿನ ನನ್ನ ರೈಫಲ್ಲಿನ ಚೇಂಬರ್ ಬಿಗಿಯಾಗಿದ್ದರೆ ಅವನಿಗೆ ಹಿತವಾದ ಈಡು ನನಗೆ ಮಿತಿಮೀರಿದ ಈಡು. .308 ವಿಂಚೆಸ್ಟರ್‌ನಂಥ ರೈಫಲ್ ತೋಟಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಅಲ್ಲಿ ಮಿತಿಯಾಚೆ ಹೋಗುವುದಕ್ಕೆ ಹೆಚ್ಚು ಜಾಗ ಉಳಿದಿರುವುದಿಲ್ಲ. ಕೇಸು ಎಷ್ಟು ಸಲ ಹೊಡೆದದ್ದು ಎನ್ನುವುದೂ ಡಬ್ಬಿಯ ಮೇಲೆ ಬರೆದಿರುವುದು ಅಪರೂಪ. ಹಿತ್ತಾಳೆ ಪ್ರತಿ ಸಲ ಹಿಗ್ಗಿ ಕುಗ್ಗಿ ಗಡಸಾಗುತ್ತದೆ, ಬುಡದ ಮೇಲ್ಭಾಗದಲ್ಲಿ ತೆಳುವಾಗುತ್ತದೆ, ಒಂದು ದಿನ ಅಲ್ಲೇ ಎರಡು ತುಂಡಾಗುತ್ತದೆ.

ಹೆಸರುಗಳ ಗೊಂದಲ ಬೇರೆ. 4831, 4350, 4895 ಎಂಬ ಸಂಖ್ಯೆಯ ಮದ್ದುಗಳು ಹಾಡ್ಜ್‌ಡನ್ ಎಂಬ ಬ್ರ್ಯಾಂಡಿನಲ್ಲೂ ಇವೆ, ಐಎಂಆರ್ ಎಂಬ ಬ್ರ್ಯಾಂಡಿನಲ್ಲೂ ಇವೆ. ಒಂದರ ಅಳತೆ ಇನ್ನೊಂದಕ್ಕೆ ಸಲ್ಲದು. ಟೇಪಿನ ಮೇಲೆ ಬರೀ 4831 ಎಂದಿದ್ದರೆ ಯಾವುದೆಂದು ತಿಳಿದುಕೊಳ್ಳುವುದು? ಇನ್ನು .300 ಬ್ಲ್ಯಾಕ್‌ಔಟ್ ಎಂಬ ರೈಫಲ್ ತೋಟಾ, ಅದಕ್ಕಿಂತ ಕಿರಿದಾದ ಗುಂಡಿನ .223 ರೈಫಲ್ಲಿನ ಮ್ಯಾಗಜಿನ್ನಿನಲ್ಲೇ ಕೂರುತ್ತದೆ, ಕೇಸಿನ ಬುಡವೂ ಒಂದೇ. ಗುಂಡು ಹಿಂದಕ್ಕೆ ತಳ್ಳಿಸಿಕೊಂಡು .223ರ ಚೇಂಬರಿಗೆ ಹೋಗಿಬಿಟ್ಟರೆ, ಅಗಲದ ಗುಂಡು ಕಿರಿದಾದ ನಳಿಗೆಗೆ ನುಗ್ಗಲಾರದೆ ರೈಫಲ್ ಸಿಡಿಯುತ್ತದೆ. .223ರ ಕೇಸನ್ನೇ ಕತ್ತರಿಸಿ .300 ಮಾಡುವವರಿದ್ದಾರೆ. ಆಗ ಬುಡದಲ್ಲಿ .223 ಎಂದೇ ಮುದ್ರೆ ಉಳಿದಿರುತ್ತದೆ. ತುಂಬಿದವರಿಗೆ ಇದು ಗೊತ್ತು. ಡಬ್ಬಿ ಎರಡು ಕೈ ದಾಟಿದ ಮೇಲೆ ಯಾರಿಗೆ ಗೊತ್ತಿರುತ್ತದೆ?

ತೆಗೆದುಕೊಳ್ಳುವವರ ಅಪಾಯದ ಬಗ್ಗೆ ರೇಂಜಿನಲ್ಲಿ ಮಾತು ಕೇಳಿಬರುತ್ತದೆ. ಕೊಡುವವರ ಬಗ್ಗೆ ಅಷ್ಟಾಗಿ ಯಾರೂ ಯೋಚಿಸುವುದಿಲ್ಲ. ನನ್ನ ಮಟ್ಟಿಗೆ ಕೊಡುವುದು ಇನ್ನೂ ಭಾರವಾದ ಕೆಲಸ. ಒಣಗಿದ ತಂಪು ಜಾಗದಲ್ಲಿಟ್ಟ ತೋಟಾ ದಶಕಗಳ ಕಾಲ ಕೆಡುವುದಿಲ್ಲ. ಇವತ್ತು ಗೆಳೆಯನಿಗೆ ಕೊಟ್ಟದ್ದು ಅವನ ಕಪಾಟಿನ ಹಿಂದೆ ಉಳಿದು, ಮುಂದೆ ಅವನ ಮಗ ಬೇರೆ ಕೋವಿಗೆ ಹಾಕಿ ಹೊಡೆಯಬಹುದು. ಅಷ್ಟು ಕಾಲವೂ ನಾನು ಅದಕ್ಕೆ ಜವಾಬ್ದಾರ. ಬಹುತೇಕ ಬಂದೂಕು ಕಂಪನಿಗಳು ರೀಲೋಡ್ ಹೊಡೆದರೆ ವಾರಂಟಿ ಇಲ್ಲ ಎಂದು ಪುಸ್ತಿಕೆಯಲ್ಲೇ ಬರೆದಿರುತ್ತವೆ. ಕೋವಿ ಒಡೆದರೆ, ಅದಕ್ಕಿಂತ ಹೆಚ್ಚಾಗಿ ಬೆರಳು ಹೋದರೆ, ಆ ನಷ್ಟದ ಲೆಕ್ಕ ಇಬ್ಬರು ಗೆಳೆಯರ ನಡುವೆ ಬಂದು ನಿಲ್ಲುತ್ತದೆ.

ಕಾನೂನಿನ ಮಾತು. ಮಾರಾಟದಿಂದ ಲಾಭ, ಜೀವನೋಪಾಯ ನೋಡುವ ಉದ್ದೇಶದಿಂದ ತೋಟಾ ತಯಾರಿಸಿದರೆ ಫೆಡರಲ್ ಪರವಾನಗಿ ಬೇಕು. ಅದಕ್ಕೆ ಟೈಪ್ 06 ಎನ್ನುತ್ತಾರೆ, ಶುಲ್ಕ ಮೂರು ವರ್ಷಕ್ಕೆ 30 ಡಾಲರ್. ಜೊತೆಗೆ ತಯಾರಕರು ಮಾರಾಟದ ಮೇಲೆ 11% ಅಬಕಾರಿ ತೆರಿಗೆ ಕಟ್ಟಬೇಕು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಮೂಲಕ ಆ ಹಣ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಗೆಳೆಯನಿಗೆ ಎಂದೋ ಒಮ್ಮೆ ಒಂದು ಡಬ್ಬಿ ಕೊಡುವುದು ಆ ಅರ್ಥದ ವ್ಯಾಪಾರವಲ್ಲ. ಆದರೆ ವಾರವಾರ ಹತ್ತು ಜನರಿಗೆ "ಖರ್ಚಿನ ಮಟ್ಟಿಗೆ" ಎಂದು ದುಡ್ಡು ಪಡೆದು ಕೊಡುವವರು ಆ ಗೆರೆಯ ತೀರ ಹತ್ತಿರ ನಿಂತಿರುತ್ತಾರೆ. ರಾಜ್ಯದಿಂದ ರಾಜ್ಯಕ್ಕೆ ನಿಯಮಗಳೂ ಬೇರೆ.

ನಮ್ಮವರು ಗಮನಿಸಲೇಬೇಕಾದದ್ದು ಇನ್ನೊಂದು. ಎಚ್-1ಬಿ, ಎಲ್-1, ಎಫ್-1ನಂಥ ನಾನ್-ಇಮಿಗ್ರಂಟ್ ವೀಸಾದಲ್ಲಿ ಇರುವವರು ಬಂದೂಕನ್ನಷ್ಟೇ ಅಲ್ಲ, ಒಂದು ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನು ಹೇಳುತ್ತದೆ. ವಿನಾಯಿತಿಗಳು ಕೆಲವೇ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವುದು ಅವುಗಳಲ್ಲಿ ಮುಖ್ಯವಾದದ್ದು. ಅವರ ಸ್ಥಿತಿ ಗೊತ್ತಿದ್ದೂ ತೋಟಾ ಕೊಟ್ಟವರದೂ ಅಪರಾಧವೇ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ ಜೈಲು. ನಮ್ಮ ಊರ ಕಡೆಯ ಹುಡುಗನೊಬ್ಬ, ಆಗ ಎಚ್-1ಬಿಯಲ್ಲಿದ್ದವನು, ನನ್ನ ಗ್ಯಾರೇಜು ನೋಡಿ ಖುಷಿಯಿಂದ ಕೇಳಿದ್ದ: "ಅಣ್ಣ, ಒಂದ್ ಡಬ್ಬಿ ಕೊಡಿ, ನೀವೇ ಕೈಯಾರೆ ತುಂಬಿದ್ದಲ್ವಾ, ಅದಕ್ಕಿಂತ ನಂಬಿಕೆ ಇನ್ನೇನ್ ಬೇಕು?" ನಾನು ಬೇಡ ಎಂದೆ. ವೀಸಾದ ವಿಷಯ ಬಿಡಿಸಿ ಹೇಳಿದೆ. ಸ್ವಲ್ಪ ಬೇಸರ ಮಾಡಿಕೊಂಡ. ಹಸಿರು ಕಾರ್ಡಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತವನು ಅವನು. ಐವತ್ತು ತೋಟಾಕ್ಕಾಗಿ ಆ ಸಾಲನ್ನೇ ಪಣಕ್ಕಿಡುವುದು ಬೇಡವಾಗಿತ್ತು ನನಗೆ.

ಊರಿಗೆ ಹೊರಡುವಾಗಲೂ ಇದು ನೆನಪಿರಲಿ. ರೇಂಜಿಗೆ ಒಯ್ಯುವ ಬ್ಯಾಗನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಒಳಜೇಬಿನಲ್ಲಿ ಯಾರೋ ಕೊಟ್ಟ ಒಂದು ತೋಟಾ ಉಳಿದಿದ್ದು, ಬೆಂಗಳೂರಿನಲ್ಲೋ ದೆಹಲಿಯಲ್ಲೋ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ. ಅದು ಅಲ್ಲಿದ್ದದ್ದು ತನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಕೋರ್ಟಿನ ಮುಂದೆ ಹೇಳಿಕೊಳ್ಳುತ್ತಾ ಓಡಾಡಬೇಕು. ಊರಿನಲ್ಲಿ ಕೋವಿ ಇರುವ ಬಂಧುಗಳಿಗೆ ರೀಲೋಡಿಂಗ್ ಸಾಮಾನು ಉಡುಗೊರೆ ಒಯ್ಯುವ ಯೋಚನೆಯೂ ಬೇಡ. 1959ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಭಾರತದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ ಏಳು ವರ್ಷ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಹೊಂದುವ ಪರವಾನಗಿಗೆ ಸಂಬಂಧಿಸಿದ್ದು. ತೋಟಾ ತಯಾರಿಸಿ ಹಂಚಲು ಅದು ಅನುಮತಿಯಾಗದು.

ಬೇಡ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. ನಾನು ನೇರವಾಗಿಯೇ ಹೇಳುತ್ತೇನೆ: ನನ್ನದನ್ನು ಬಿಟ್ಟು ಬೇರೆ ರೀಲೋಡ್ ಹೊಡೆಯುವುದಿಲ್ಲ, ನಿಮಗೂ ನನ್ನದನ್ನು ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದರೆ ಅವಮಾನ ಆಗುವುದಿಲ್ಲ. ಹಳೆಯ ರೀಲೋಡರುಗಳು ತಲೆ ಆಡಿಸಿ ಸುಮ್ಮನಾಗುತ್ತಾರೆ, ಅವರ ಮ್ಯಾನುಯಲ್ಲುಗಳೂ ಅದನ್ನೇ ಹೇಳುವುದು. ಖಾಲಿ ಹಿತ್ತಾಳೆ, ಗುಂಡು, ಸೀಲು ಒಡೆಯದ ಪ್ರೈಮರ್ ಮತ್ತು ಮದ್ದು, ಇವುಗಳನ್ನು ಧಾರಾಳವಾಗಿ ಕೊಟ್ಟು ತೆಗೆದುಕೊಳ್ಳುತ್ತೇನೆ. ಸೀಲು ಒಡೆದ ಮದ್ದಿನ ಡಬ್ಬ ಯಾರದ್ದೇ ಆದರೂ ನನಗೆ ಬೇಡ. ಒಳಗಿರುವುದು ಲೇಬಲ್ಲಿನಲ್ಲಿ ಇರುವುದೇ ಎಂದು ನೋಟದಿಂದ ಹೇಳಲಾಗದು.

ಒಬ್ಬ ಗೆಳೆಯ ಇದನ್ನು ಒಪ್ಪುವುದಿಲ್ಲ. ಅವನು ಸ್ಪರ್ಧೆಗಳಲ್ಲಿ ಪರಿಚಿತರ ರೀಲೋಡುಗಳನ್ನು ಎಷ್ಟೋ ಕಾಲದಿಂದ ಹೊಡೆಯುತ್ತಿದ್ದಾನೆ, ಏನೂ ಆಗಿಲ್ಲ. ಅವನು ಹೇಳುವುದು ಸುಳ್ಳಲ್ಲ, ಬಹುಪಾಲು ತೋಟಾಗಳು ಸರಿಯಾಗಿಯೇ ಇರುತ್ತವೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪಡೆಗಳು ಇದೇ ಸಂಗತಿಯನ್ನು ಅಸ್ತ್ರ ಮಾಡಿಕೊಂಡಿದ್ದವು. ಎಲ್ಡೆಸ್ಟ್ ಸನ್ ಎಂಬ ಗುಟ್ಟಿನ ಯೋಜನೆಯಲ್ಲಿ, ಸಿಡಿಯುವಂತೆ ತುಂಬಿದ ತೋಟಾವನ್ನು ಶತ್ರುಗಳ ಒಳ್ಳೆಯ ತೋಟಾಗಳ ನಡುವೆ ಸೇರಿಸಿ ಬರುತ್ತಿದ್ದರು. ಕೋವಿಗಳು ಒಡೆಯುವುದಕ್ಕಿಂತ, ಯಾವುದು ಕೆಟ್ಟದ್ದೆಂದು ತಿಳಿಯದೆ ಸೈನಿಕ ತನ್ನ ಕೋವಿಯನ್ನೇ ಅನುಮಾನಿಸಲಿ ಎಂಬುದು ಲೆಕ್ಕಾಚಾರ. ಗೆಳೆಯನಿಗೆ ಇದನ್ನು ಹೇಳಿದೆ. ಅವನು ಅವನ ಮಾತಿಗೆ, ನಾನು ನನ್ನ ಮಾತಿಗೆ ನಿಂತಿದ್ದೇವೆ. ಅವನ ಪಕ್ಕದ ಲೇನಿನಲ್ಲಿ ನಿಲ್ಲುವಾಗ ಕನ್ನಡಕ ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಕಠಿಣವಾದದ್ದು ತೀರಿಹೋದವರ ತೋಟಾ. ನೆರೆಯ ಹಿರಿಯರೊಬ್ಬರು ಹೋದ ಮೇಲೆ ಅವರ ಹೆಂಡತಿ ನೆಲಮಾಳಿಗೆಯಿಂದ ಡಬ್ಬಿಗಳನ್ನು ತರಿಸಿ, ಇವು ನಿಮಗೇ ಸೇರಬೇಕು ಎಂದರು. ಆ ಮನುಷ್ಯ ತುಂಬ ಅಚ್ಚುಕಟ್ಟು, ನನಗೆ ಈ ಕೆಲಸದಲ್ಲಿ ಬಹಳ ಕಲಿಸಿದವರು. ಬೇಡ ಎನ್ನಲಾಗಲಿಲ್ಲ. ತಂದು, ಸುತ್ತಿಗೆಯ ಹಾಗೆ ಬಡಿಯುವ ಬುಲೆಟ್ ಪುಲ್ಲರಿನಿಂದ ಒಂದೊಂದನ್ನೇ ಬಿಚ್ಚಿದೆ. ಗುಂಡು, ಹಿತ್ತಾಳೆ ಉಳಿಸಿಕೊಂಡೆ. ಮದ್ದು ಯಾವುದೆಂದು ಖಚಿತವಿಲ್ಲದ್ದರಿಂದ ಹುಲ್ಲುಹಾಸಿನ ಮೇಲೆ ತೆಳ್ಳಗೆ ಚೆಲ್ಲಿದೆ. ಅವರ ಪುಸ್ತಕದಲ್ಲಿ ಎಲ್ಲ ಬರೆದಿತ್ತು, ಆದರೆ ಯಾವ ಪುಟ ಯಾವ ಡಬ್ಬಿಯದು ಎಂಬುದು ಅವರಿಗೆ ಮಾತ್ರ ಗೊತ್ತಿತ್ತು. ಅಂದಿನಿಂದ ನನ್ನ ಪ್ರತಿ ಡಬ್ಬಿಯ ಒಳಗೆ ಒಂದು ಚೀಟಿ ಇರುತ್ತದೆ: ಮದ್ದು, ಅದರ ಲಾಟ್, ತೂಕ, ಗುಂಡು, ಪ್ರೈಮರ್, ಒಟ್ಟು ಉದ್ದ, ಕೇಸು ಎಷ್ಟನೇ ಸಲದ್ದು, ತಾರೀಖು, ಯಾವ ಕೋವಿಗೆ. ಕೆಳಗೆ ದಪ್ಪ ಅಕ್ಷರದಲ್ಲಿ, ಬೇರೆ ಯಾರೂ ಹೊಡೆಯಬೇಡಿ ಎಂದು.

ಡಬ್ಬಿ ಕೇಳಿದ್ದ ನಮ್ಮ ಊರ ಕಡೆಯ ಆ ಹುಡುಗನಿಗೆ ಈಗ ಹಸಿರು ಕಾರ್ಡ್ ಬಂದಿದೆ. ತನ್ನದೇ ಪ್ರೆಸ್ ತರಿಸುತ್ತಿದ್ದಾನೆ. ಅದಕ್ಕೂ ಮುಂಚೆ ಎರಡು ಮ್ಯಾನುಯಲ್ ಕೊಂಡು ಓದು ಎಂದಿದ್ದೆ, ಕೊಂಡಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಣ್ಣ, ಅದೇ ಗುಂಡು, ಅದೇ ಮದ್ದು, ಆದ್ರೂ ಎರಡು ಪುಸ್ತಕದಲ್ಲಿ ಬೇರೆ ಬೇರೆ ಅಳತೆ ಯಾಕಿದೆ?" ಎಂದು ಕೇಳಿದ. ಇವರ ಪರೀಕ್ಷಾ ನಳಿಗೆ ಬೇರೆ, ಅವರದ್ದು ಬೇರೆ, ಕೇಸು ಬೇರೆ, ಪ್ರೈಮರ್ ಬೇರೆ, ಅದಕ್ಕೇ ಎಂದೆ. ಎರಡರಲ್ಲಿ ಕಡಿಮೆ ಇರುವ ಆರಂಭದ ಅಳತೆಯಿಂದ ಶುರು ಮಾಡೋಣ, ಶನಿವಾರ ಬೆಳಿಗ್ಗೆ ಬಾ, ಫೋನ್ ಒಳಗಿಟ್ಟು ಬಾ ಎಂದಿದ್ದೇನೆ.